ಗಂಟು ಬಿಚ್ಚಿದ ಮೇಲೆ

ಡಿಸೆಂಬರ್ ಕೊನೆಯ ವಾರ. ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ಯಾವುದಾದರೂ ಫ್ಯಾನ್ಸಿ ಸ್ಟೋರಿಗೆ ಸಂಜೆ ಏಳರ ಹೊತ್ತಿಗೆ ಕಾಲಿಡಿ. ಮೊದಲು ಕಿವಿಗೆ ಬೀಳುವುದು ಟೇಪು ಎಳೆಯುವ ಚರ್ರನೆಯ ಸದ್ದು. ಗಲ್ಲಾ ಪಕ್ಕದ ಮೇಜಿನ ಮೇಲೆ ಹುಡುಗನೊಬ್ಬ ಬೆಳ್ಳಿ ಬಣ್ಣದ ಹಾಳೆ ಹಾಸುತ್ತಾನೆ. ಪೆಟ್ಟಿಗೆ ಇಟ್ಟು, ಮೂಲೆ ಮಡಚಿ, ಆರೇಳು ಕಡೆ ಟೇಪು ಒತ್ತಿ, ಮೇಲೊಂದು ಹೊಳೆಯುವ ರಿಬ್ಬನ್ನಿನ ಹೂ ಕೂರಿಸಿ ಕೊಡುತ್ತಾನೆ. ಧನುರ್ಮಾಸವಾದ್ದರಿಂದ ಮದುವೆ, ಗೃಹಪ್ರವೇಶಗಳ ಗಲಾಟೆಯಿಲ್ಲ. ಆದರೂ ಸಾಲು ಕರಗುವುದಿಲ್ಲ. ಒಬ್ಬರಿಗೆ ಆಫೀಸಿನ ಕ್ರಿಸ್‌ಮಸ್ ಉಡುಗೊರೆ, ಇನ್ನೊಬ್ಬರಿಗೆ ಹೊಸ ವರ್ಷದ್ದು, ಮತ್ತೊಬ್ಬರಿಗೆ ಅಪಾರ್ಟ್‌ಮೆಂಟಿನ ಮಗುವಿನ ಹುಟ್ಟುಹಬ್ಬದ್ದು.

ಮಗು ಆ ಹಾಳೆಯನ್ನು ಹರಿಯಲು ತೆಗೆದುಕೊಳ್ಳುವುದು ಹತ್ತು ಸೆಕೆಂಡು. ಮರುದಿನ ಬೆಳಿಗ್ಗೆ ಕಸದ ಆಟೊ ಬೀದಿಗೆ ಬಂದಾಗ ಅದು ಮುದ್ದೆಯಾಗಿ ಒಣಕಸದ ಚೀಲದಲ್ಲಿ ಬಿದ್ದಿರುತ್ತದೆ. ಪೌರಕಾರ್ಮಿಕ ಮಹಿಳೆ ಚೀಲ ಎತ್ತಿ ಸುರಿಯುವಾಗ ಮನೆಯವರ ಮನಸ್ಸು ನಿರಾಳ: ಕಾಗದ ತಾನೆ, ರೀಸೈಕಲ್ ಆಗುತ್ತದೆ.

ಆಗುವುದಿಲ್ಲ. ಏಕೆಂದರೆ ಅದು ಕಾಗದವೇ ಅಲ್ಲ, ಅಥವಾ ಬರೀ ಕಾಗದವಲ್ಲ.

ಮುಷ್ಟಿಯಲ್ಲೊಂದು ಪರೀಕ್ಷೆ

ಗುರುತಿಸುವುದು ಸುಲಭ. ಹಾಳೆಯ ಒಂದು ತುಂಡನ್ನು ಮುಷ್ಟಿಯಲ್ಲಿ ಬಿಗಿಯಾಗಿ ಮುದುಡಿ, ಕೈ ಬಿಚ್ಚಿ ನೋಡಿ. ಕಾಗದವಾದರೆ ಉಂಡೆ ಉಂಡೆಯಾಗಿಯೇ ಉಳಿಯುತ್ತದೆ. ಪ್ಲಾಸ್ಟಿಕ್ ಇದ್ದರೆ ಮೆಲ್ಲಗೆ ಅರಳಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಕನ್ನಡಿಯಂಥ ಬೆಳ್ಳಿ, ಬಂಗಾರದ ಹಾಳೆಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಅರಳುತ್ತವೆ. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಕೂದಲಿಗಿಂತಲೂ ಎಷ್ಟೋ ಪಟ್ಟು ತೆಳುವಾದ ಅಲ್ಯೂಮಿನಿಯಂ ಲೇಪ ಕೊಟ್ಟು ಆ ಹೊಳಪು ತರುತ್ತಾರೆ. ಕುರುಕಲು ತಿಂಡಿಯ ಪೊಟ್ಟಣದ ಒಳಮೈ ಹೊಳೆಯುವುದೂ ಇದೇ ವಿಧಾನದಿಂದ. ಇನ್ನು ಕೆಲವು ನಿಜಕ್ಕೂ ಕಾಗದವೇ. ಆದರೆ ಅವುಗಳ ಮೇಲೆ ಪ್ಲಾಸ್ಟಿಕ್ ಪೊರೆ ಅಂಟಿಸಿರುತ್ತಾರೆ, ಇಲ್ಲವೇ ಮಿನುಗುಪುಡಿ ಉದುರಿಸಿರುತ್ತಾರೆ. ಆ ಮಿನುಗುಪುಡಿಯೂ ಲೋಹದ ಲೇಪವಿರುವ ಪ್ಲಾಸ್ಟಿಕ್ಕಿನ ಚೂರೇ. ಕೈಗೆ, ಕೆನ್ನೆಗೆ ಅಂಟಿ, ಸ್ನಾನದ ನೀರಿನೊಂದಿಗೆ ಮೋರಿ ಸೇರುವಷ್ಟು ಸಣ್ಣದು. ಯುರೋಪಿನ ಒಕ್ಕೂಟ 2023ರಲ್ಲಿ ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟಕ್ಕೆ ಕಡಿವಾಣ ಹಾಕಿದ್ದು ಇದಕ್ಕೇ.

ಹಣ್ಣಿನ ಬುಟ್ಟಿಗೆ, ಹೂಗುಚ್ಛಕ್ಕೆ ಸುತ್ತುವ ಪಾರದರ್ಶಕ ಹಾಳೆಯನ್ನು ನಾವು ‘ಜಿಲೇಟಿನ್ ಪೇಪರ್’ ಎನ್ನುತ್ತೇವೆ. ಅದರ ಮೂಲ ಸೆಲೋಫೇನ್. ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಜಾಕ್ ಬ್ರಾಂಡನ್‌ಬರ್ಗರ್ 1908ರ ಸುಮಾರಿಗೆ ಕಂಡುಹಿಡಿದ ಸೆಲೋಫೇನ್ ಮರದ ನಾರಿನಿಂದ ತಯಾರಾಗುತ್ತಿತ್ತು, ಮಣ್ಣಿನಲ್ಲಿ ಕರಗುತ್ತಿತ್ತು. ಇವತ್ತು ಹೂವಿನಂಗಡಿಯಲ್ಲಿ ಸರಸರ ಸದ್ದು ಮಾಡುವ ಹಾಳೆ ಬಹುತೇಕ ಪಾಲಿಪ್ರೊಪಿಲೀನ್. ಸೆಲೊ ಟೇಪಿನದೂ ಇದೇ ಕಥೆ. ಹೆಸರು ಸೆಲೋಫೇನಿನದು, ಮೈ ಪ್ಲಾಸ್ಟಿಕ್ಕಿನದು.

ನಾಯಂಡಹಳ್ಳಿಯ ತಕ್ಕಡಿ

ವಿಜಯನಗರದಿಂದ ಕೆಂಗೇರಿಗೆ ಮೆಟ್ರೊದಲ್ಲಿ ಹೋಗುವವರು ಮೈಸೂರು ರಸ್ತೆ ನಿಲ್ದಾಣ ದಾಟಿದ ಮೇಲೆ ನಾಯಂಡಹಳ್ಳಿಯ ತಲೆಯ ಮೇಲೆ ಸಾಗುತ್ತಾರೆ. ಬೆಂಗಳೂರಿನ ಪ್ಲಾಸ್ಟಿಕ್ ಗುಜರಿಯ ದೊಡ್ಡ ಕೇಂದ್ರ ಇದು. ನಗರದ ಮೂಲೆಮೂಲೆಯಿಂದ ಬಂದ ಬಾಟಲಿ, ಬಕೆಟ್ಟು, ಹಾಲಿನ ಕವರು ಇಲ್ಲಿ ಬಗೆಬಗೆಯಾಗಿ ಬೇರ್ಪಟ್ಟು, ಪುಡಿಯಾಗಿ, ತೊಳೆದು, ಕಾಳಾಗಿ ಮತ್ತೆ ಕಾರ್ಖಾನೆಗೆ ಹೋಗುತ್ತವೆ. ಬೆಂಗಳೂರು ಸ್ವಚ್ಛವಾಗಿ ಕಾಣುವುದರಲ್ಲಿ ಇಲ್ಲಿನ ಕೈಗಳ ಪಾಲು ದೊಡ್ಡದು. ನಾವು ಅದನ್ನು ನೆನೆಯುವುದು ಕಡಿಮೆ.

ಈ ಲೋಕದ ನಿಯಮ ಸರಳ. ಒಂದೇ ಜಾತಿಯ ಮಾಲಿಗೆ ಬೆಲೆ, ಬೆರಕೆ ಮಾಲಿಗೆ ಬೆಲೆಯಿಲ್ಲ. ರಟ್ಟಿಗೊಂದು ದರ, ದಿನಪತ್ರಿಕೆಗೊಂದು ದರ, ಹಾಲಿನ ಕವರಿಗೊಂದು ದರ. ಅರ್ಧ ಕಾಗದ, ಅರ್ಧ ಪ್ಲಾಸ್ಟಿಕ್, ಮೇಲೆ ಲೋಹದ ಲೇಪ, ಅಂಚಿಗೆ ಟೇಪು ಇರುವ ಉಡುಗೊರೆಯ ಹಾಳೆಯನ್ನು ತಕ್ಕಡಿಗೆ ಏರಿಸುವವರಿಲ್ಲ.

ಕಾಗದದ ಕಾರ್ಖಾನೆಗೂ ಅದು ಬೇಡ. ಹಳೆಯ ಕಾಗದವನ್ನು ದೊಡ್ಡ ತೊಟ್ಟಿಯಲ್ಲಿ ನೀರಿನೊಂದಿಗೆ ಕಡೆದು ನಾರು ಬಿಡಿಸುವುದು ಅಲ್ಲಿನ ಮೊದಲ ಕೆಲಸ. ಶುದ್ಧ ಕಾಗದ ಗಂಜಿಯಂತೆ ಕರಗುತ್ತದೆ. ಪ್ಲಾಸ್ಟಿಕ್ ಪೊರೆ ಕರಗದೆ ಜರಡಿಗೆ ಸಿಕ್ಕಿಕೊಳ್ಳುತ್ತದೆ, ಟೇಪಿನ ಅಂಟು ಹೊಸ ಹಾಳೆಯ ಮೇಲೆ ಕಲೆ ಬಿಡುತ್ತದೆ. ಹಾಗಾಗಿ ಒಣಕಸ ಸಂಗ್ರಹ ಕೇಂದ್ರಗಳಲ್ಲಿ ಇಂಥ ಬೆಲೆಯಿಲ್ಲದ ಮಾಲು ಕಡೆಗೆ ಉಳಿದುಬಿಡುತ್ತದೆ. ಅದರಲ್ಲಿ ಒಂದಿಷ್ಟು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತದೆ, ಉಳಿದದ್ದು ಊರಾಚೆಯ ಕಸದ ಗುಡ್ಡಕ್ಕೆ. ಚೀಲದಿಂದ ಹಾರಿದ್ದು ರಾಜಕಾಲುವೆಗೆ.

ಪಶ್ಚಿಮ ಬೆಂಗಳೂರಿನ ರಾಜಕಾಲುವೆಗಳು ಸೇರುವುದು ವೃಷಭಾವತಿಯನ್ನು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ ನದಿಯೆಂದು ಹಿರಿಯರು ಕೈಮುಗಿಯುತ್ತಿದ್ದ ನೀರು ಅದು. ಗಾಳಿ ಆಂಜನೇಯಸ್ವಾಮಿ ಗುಡಿಯನ್ನು ಬಳಸಿ, ನಾಯಂಡಹಳ್ಳಿ, ಕೆಂಗೇರಿ ದಾಟಿ, ಬೈರಮಂಗಲದ ಕೆರೆ ತುಂಬಿ ಅರ್ಕಾವತಿಗೆ ಕೂಡುತ್ತದೆ. ಜೋರು ಮಳೆಗೆ ಗಾಳಿ ಆಂಜನೇಯನ ಗುಡಿಯೊಳಗೆ ನೀರು ನುಗ್ಗುವುದನ್ನು ಎಷ್ಟೋ ವರ್ಷ ನೋಡಿದ್ದೇವೆ. ಕಾಲುವೆಯ ಬಾಯಿಗೆ ಅಡ್ಡ ನಿಂತದ್ದರಲ್ಲಿ ನಮ್ಮ ಹಬ್ಬಗಳ ಹೊಳಪೂ ಸೇರಿದೆ.

ಹಾಸು ಹೊಕ್ಕಿಲ್ಲದ ಬಟ್ಟೆ

ಹೊಳೆಯುವ ಹಾಳೆಯ ಮೋಸಕ್ಕಿಂತ ದೊಡ್ಡದು ಇನ್ನೊಂದಿದೆ, ಅದು ತಾಂಬೂಲದ ಚೀಲದ್ದು.

ಮದುವೆ, ನಾಮಕರಣ, ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮ ಎಲ್ಲಕ್ಕೂ ಈಗ ಬಣ್ಣದ, ದೇವರ ಚಿತ್ರವಿರುವ ಚೀಲ. ಒಳಗೆ ತೆಂಗಿನಕಾಯಿ, ಎಲೆ ಅಡಿಕೆ, ಒಂದು ರಿಟರ್ನ್ ಗಿಫ್ಟ್. ಪ್ಲಾಸ್ಟಿಕ್ ಬೇಡವೆಂದು ಬಟ್ಟೆ ಚೀಲ ಕೊಟ್ಟೆವು ಎಂದು ಕೊಟ್ಟವರು ಮನಃಪೂರ್ವಕವಾಗಿ ನಂಬಿರುತ್ತಾರೆ. ಅವರ ಆಸೆಯಲ್ಲಿ ತಪ್ಪಿಲ್ಲ. ಆದರೆ ಆ ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ಹಾಸು ಇಲ್ಲ, ಹೊಕ್ಕು ಇಲ್ಲ. ಮೈತುಂಬ ಸಣ್ಣ ಸಣ್ಣ ಒತ್ತುಗುಳಿಗಳಿವೆ. ಪಾಲಿಪ್ರೊಪಿಲೀನ್ ಎಳೆಗಳನ್ನು ಹರಡಿ, ಬಿಸಿಯಲ್ಲಿ ಒತ್ತಿ ಅಂಟಿಸಿದ ಹಾಳೆ ಅದು. ವ್ಯಾಪಾರದಲ್ಲಿ ಇದಕ್ಕೆ ನಾನ್‌ ವೋವನ್, ಅಂದರೆ ನೇಯದ ಬಟ್ಟೆ ಎಂಬ ಹೆಸರು. ಬಾಲ್ಕನಿಯ ಬಿಸಿಲಿನಲ್ಲಿ ಕೆಲವು ತಿಂಗಳು ಬಿಟ್ಟರೆ ಮುಟ್ಟಿದಲ್ಲೆಲ್ಲ ಪುಡಿಪುಡಿಯಾಗುತ್ತದೆ. ಹತ್ತಿ ಹಾಗೆ ಉದುರುವುದಿಲ್ಲ. ಪುಡಿಯಾದ ಪ್ಲಾಸ್ಟಿಕ್ ಮಣ್ಣಾಗುವುದಿಲ್ಲ, ಹೆಕ್ಕಲಾರದಷ್ಟು ಸಣ್ಣದಾಗುತ್ತದೆ, ಅಷ್ಟೆ.

ಕಾನೂನು ಏನು ಹೇಳುತ್ತದೆ? ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ, ಫ್ಲೆಕ್ಸ್ ಮುಂತಾದವನ್ನು ನಿಷೇಧಿಸಿತು. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿ ಮಾಡಿ ನಿಷೇಧಿಸಿದ ಕೇಂದ್ರ ಸರ್ಕಾರದ ನಿಯಮ 2022ರ ಜುಲೈ 1ರಿಂದ ದೇಶಕ್ಕೆಲ್ಲ ಜಾರಿಗೆ ಬಂತು. ಉಡುಗೊರೆ ಕೊಡುವವರು ಆ ಪಟ್ಟಿಯಲ್ಲಿ ಗಮನಿಸಬೇಕಾದ ಸಾಲೊಂದಿದೆ: ಸಿಹಿತಿಂಡಿಯ ಪೆಟ್ಟಿಗೆ, ಆಹ್ವಾನ ಪತ್ರಿಕೆಗಳ ಮೇಲೆ ಸುತ್ತುವ ಪ್ಲಾಸ್ಟಿಕ್ ಪೊರೆಗೆ ನಿಷೇಧ. ಮಿಠಾಯಿ ಅಂಗಡಿಯವರು ಇವತ್ತೂ ಪೆಟ್ಟಿಗೆಗೆ ಪೊರೆ ಸುತ್ತಿ ಕೊಟ್ಟರೆ ಬೇಡವೆನ್ನಲು ನಿಮ್ಮ ಬೆನ್ನಿಗೆ ಕಾನೂನಿದೆ. ಉಡುಗೊರೆ ಹಾಳೆಯ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ. ನೇಯದ ಚೀಲಕ್ಕೆ ಚದರ ಮೀಟರಿಗೆ 60 ಗ್ರಾಂ ತೂಕವಾದರೂ ಇರಬೇಕೆಂಬ ನಿಯಮ 2021ರ ಸೆಪ್ಟೆಂಬರ್ 30ರಿಂದ ಇದೆ. ಹಾಗೆ ನಿಯಮ ಮಾಡುವಾಗ ಸರ್ಕಾರ ಅದನ್ನು ಕರೆದದ್ದು ‘ಪ್ಲಾಸ್ಟಿಕ್ ಚೀಲ’ ಎಂದೇ. ನಾವು ಮಾತ್ರ ಬಟ್ಟೆ ಎನ್ನುತ್ತಿದ್ದೇವೆ.

ಮೊರದ ಮೇಲೊಂದು ಮೊರ

ಈಗ ಗೌರಿ ಹಬ್ಬದ ಹಿಂದಿನ ಸಂಜೆಯ ವಿಜಯನಗರದ ಮಾರುಕಟ್ಟೆಯನ್ನು ನೆನೆಯಿರಿ. ಪಾದಚಾರಿ ದಾರಿಯುದ್ದಕ್ಕೂ ಹಳದಿ ಬಳಿದ ಮೊರಗಳ ರಾಶಿ. ಬೇಕಾದದ್ದು ಜೋಡಿ ಮೊರ. ಒಂದರಲ್ಲಿ ಅರಿಶಿನ, ಕುಂಕುಮ, ಬಳೆ, ಕರಿಮಣಿ, ಬಾಚಣಿಗೆ, ಕನ್ನಡಿ, ತೆಂಗಿನಕಾಯಿ, ಧಾನ್ಯ, ಬೆಲ್ಲ, ರವಿಕೆ ಕಣ. ಅದರ ಮೇಲೆ ಇನ್ನೊಂದು ಮೊರ ಬೋರಲು. ಕೊಡುವವಳೂ ತೆಗೆದುಕೊಳ್ಳುವವಳೂ ಸೆರಗು ಮುಚ್ಚಿ ಹಿಡಿದು ಬಾಗಿನ ಕೈ ಬದಲಾಗುತ್ತದೆ.

ಈ ದೃಶ್ಯದಲ್ಲಿ ಕಸ ಎಲ್ಲಿದೆ ಹುಡುಕಿ. ಪೆಟ್ಟಿಗೆಯೂ ಮೊರ, ಮುಚ್ಚಳವೂ ಮೊರ. ಹಬ್ಬ ಕಳೆದ ಮೇಲೆ ಎರಡೂ ಅಡುಗೆಮನೆ ಸೇರಿ ವರ್ಷಗಟ್ಟಲೆ ಅಕ್ಕಿ ಕೇರುತ್ತವೆ. ಮುರಿದ ದಿನ ನೀರೊಲೆಗೆ. ಕಟ್ಟಿದ್ದೂ ಕೊಟ್ಟಿದ್ದೂ ಒಂದೇ ಆಗಿಹೋದ ಇಂಥ ಉಡುಗೊರೆ ಜಗತ್ತಿನಲ್ಲಿ ಹೆಚ್ಚಿಲ್ಲ. ಮೇದರ ಕೈ ಹೆಣೆದ ಬಿದಿರಿಗೆ ಬದಲಾಗಿ ಪ್ಲಾಸ್ಟಿಕ್ ಮೊರವನ್ನೂ, ಕಾಳು ಕೇರಲು ಬಾರದ ಅಂಗೈಯಗಲದ ಆಟಿಕೆ ಮೊರವನ್ನೂ ಕೊಳ್ಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬಾಗಿನದ ಹೆಸರು ಉಳಿಯುತ್ತದೆ, ಅದರ ಬುದ್ಧಿ ಹೋಗುತ್ತದೆ.

ಕನ್ನಡ ನಾಡಿನ ತುಂಬ ಇಂಥ ಬುದ್ಧಿಯ ಗುರುತುಗಳಿವೆ. ತುಳುನಾಡಿನಲ್ಲೂ ಕಾಸರಗೋಡಿನ ಕಡೆಯೂ ಅಕ್ಕಿಯನ್ನು ಬೈಹುಲ್ಲಿನಲ್ಲಿ ತುಂಬಿ, ಹುಲ್ಲಿನ ಹಗ್ಗದಿಂದಲೇ ಬಿಗಿದು ‘ಮುಡಿ’ ಕಟ್ಟುತ್ತಿದ್ದರು. ಚೆಂಡಿನಂತೆ ದುಂಡಗೆ, ಕಲ್ಲಿನಂತೆ ಗಟ್ಟಿಯಾಗಿರುತ್ತಿದ್ದ ಮುಡಿಯೊಳಗೆ ಅಕ್ಕಿ ಮಳೆಗಾಲ ದಾಟಿಯೂ ಕೆಡುತ್ತಿರಲಿಲ್ಲ. ಉಡುಪಿಯ ಶಂಕರಪುರದ ಮಲ್ಲಿಗೆ ಬಾಳೆ ನಾರಿನಲ್ಲಿ ಕಟ್ಟಿಸಿಕೊಂಡು, ಬಾಳೆ ಎಲೆಯಲ್ಲಿ ಸುತ್ತಿಸಿಕೊಂಡು ಮುಂಬೈವರೆಗೂ ಹೋಗುತ್ತದೆ. ಎಲೆಯ ತಂಪು ಹೂವನ್ನು ಕಾಯುತ್ತದೆ. ಉತ್ತರ ಕರ್ನಾಟಕದ ಹೊಲದ ದಾರಿಯಲ್ಲಿ ರೊಟ್ಟಿ, ಚಟ್ನಿಪುಡಿ ಹೊತ್ತ ಬುತ್ತಿಗಂಟು ಒಂದು ಚೌಕ ಬಟ್ಟೆ, ಒಂದು ಗಂಟು. ಊಟ ಮುಗಿದ ಮೇಲೆ ಅದೇ ಬಟ್ಟೆ ತಲೆಗೆ ರುಮಾಲು.

ಕ್ರಿಸ್‌ಮಸ್ ಕಾಲದಲ್ಲಿ ಮಂಗಳೂರು ಕಡೆಯ ಕ್ರೈಸ್ತ ಮನೆಗಳಿಂದ ನೆರೆಹೊರೆಗೆ ಬರುವ ಕುಸ್ವಾರ್ ತಟ್ಟೆಯೂ ಇದೇ ಸಾಲಿನದು. ನೆವ್ರಿ, ಕಿಡಿಯೊ, ಅಕ್ಕಿಲಾಡು ಜೋಡಿಸಿದ ತಟ್ಟೆಗೆ ಒಂದು ಶುಭ್ರ ವಸ್ತ್ರದ ಮುಚ್ಚಿಗೆ. ತಟ್ಟೆಯೂ ವಸ್ತ್ರವೂ ಮರಳಿ ಮನೆಗೆ ಹೋಗುತ್ತವೆ.

ಎಂಬತ್ತು ಸೆಂಟಿಮೀಟರ್

ಜಪಾನಿನವರ ಫುರೋಶಿಕಿ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ಒಂದು ಚೌಕ ಬಟ್ಟೆಯಿಂದ ಪುಸ್ತಕ, ಬಾಟಲಿ, ಕಲ್ಲಂಗಡಿ ಹೀಗೆ ಏನನ್ನಾದರೂ ಕಟ್ಟುವ ಕಲೆ. ಸಾರ್ವಜನಿಕ ಸ್ನಾನಗೃಹಗಳಲ್ಲಿ ಬಟ್ಟೆಗಳನ್ನು ಗಂಟು ಕಟ್ಟಿಡುತ್ತಿದ್ದ ಹಾಸುವಸ್ತ್ರದಿಂದ ಅದಕ್ಕೆ ಆ ಹೆಸರು ಬಂತು. 2006ರಲ್ಲಿ ಅಲ್ಲಿನ ಪರಿಸರ ಸಚಿವೆಯಾಗಿದ್ದ ಯುರಿಕೊ ಕೊಯಿಕೆ, ಮರೆತುಹೋಗುತ್ತಿದ್ದ ಈ ಬಟ್ಟೆಯನ್ನು ಕಸ ಕಡಿಮೆ ಮಾಡುವ ಉಪಾಯವಾಗಿ ಮತ್ತೆ ಜನರ ಕೈಗಿತ್ತರು. ಮರುಬಳಕೆಯ ನೂಲಿನಿಂದ ಒಂದು ಫುರೋಶಿಕಿಯನ್ನೇ ಮಾಡಿಸಿದರು.

ಇದನ್ನು ಓದುತ್ತಿದ್ದಾಗ ನಾನು ಎದ್ದು ಹೋಗಿ ಬೀರು ತೆರೆದೆ. ಮೇಲಿನ ಅರೆಯಲ್ಲಿ ರವಿಕೆ ಕಣಗಳ ರಾಶಿ. ಒಂದನ್ನು ಬಿಡಿಸಿ ಅಳೆದೆ. ಉದ್ದ 80 ಸೆಂಟಿಮೀಟರ್, ಅಗಲ 90ರ ಹತ್ತಿರ. ಹೆಚ್ಚುಕಡಿಮೆ ಚೌಕ, ಹೆಚ್ಚುಕಡಿಮೆ ಜಪಾನಿನ ಅಳತೆಯೇ. ಪಶ್ಚಿಮ ಬೆಂಗಳೂರಿನ ಯಾವ ಮನೆಯಲ್ಲಿ ಈ ರಾಶಿ ಇಲ್ಲ? ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಸಿಕ್ಕದ್ದು, ಸೀರೆಗೆ ಹೊಂದದೆ ಉಳಿದದ್ದು, ಮುಂದಿನ ಹಬ್ಬಕ್ಕೆ ಇನ್ನೊಬ್ಬರಿಗೆ ಕೊಡಲೆಂದು ಎತ್ತಿಟ್ಟದ್ದು. ಹೊದಿಕೆಯ ಬಟ್ಟೆಯನ್ನು ಹುಡುಕಿಕೊಂಡು ಟೋಕಿಯೊಗೆ ಹೋಗಬೇಕಿಲ್ಲ.

ಕಟ್ಟುವುದು ಹೇಗೆ? ಬಟ್ಟೆಯ ಒಂದು ಮೂಲೆ ನಿಮ್ಮ ಹೊಟ್ಟೆಯ ಕಡೆ ಬರುವಂತೆ ಹಾಸಿ. ಪೆಟ್ಟಿಗೆಯನ್ನು ನಡುವೆ ಇಡಿ. ಹತ್ತಿರದ ಮೂಲೆಯನ್ನು ಪೆಟ್ಟಿಗೆಯ ಮೇಲೆ ಹಾಕಿ ಅಡಿಗೆ ಸಿಕ್ಕಿಸಿ, ಎದುರಿನ ಮೂಲೆಯನ್ನು ಅದರ ಮೇಲೆ ಎಳೆದುಕೊಳ್ಳಿ. ಉಳಿದ ಎಡಬಲದ ಮೂಲೆಗಳನ್ನು ಮೇಲೆತ್ತಿ, ಬಲದ್ದನ್ನು ಎಡದ ಮೇಲೆ ಹಾಯಿಸಿ ಒಂದು ಗಂಟು, ಆಮೇಲೆ ಎಡದ್ದನ್ನು ಬಲದ ಮೇಲೆ ಹಾಯಿಸಿ ಇನ್ನೊಂದು. ಎರಡೂ ಸಲ ಒಂದೇ ದಿಕ್ಕಿಗೆ ಹಾಯಿಸಿದರೆ ಗಂಟು ವಕ್ರವಾಗಿ ನಿಂತು ಜಾರುತ್ತದೆ. ದಿಕ್ಕು ಬದಲಿಸಿದರೆ ಚಪ್ಪಟೆಯಾಗಿ ಕೂರುತ್ತದೆ, ಬಿಚ್ಚುವಾಗಲೂ ಉಗುರು ನೋಯುವುದಿಲ್ಲ. ಪೆಟ್ಟಿಗೆಯ ಉದ್ದ ಬಟ್ಟೆಯ ಕರ್ಣದ ಮೂರನೆಯ ಒಂದು ಪಾಲಿನೊಳಗಿದ್ದರೆ ಸಾಕು. ರವಿಕೆ ಕಣದ ಕರ್ಣ ಸುಮಾರು 120 ಸೆಂಟಿಮೀಟರ್. ಅಂದರೆ 40 ಸೆಂಟಿಮೀಟರ್ ಉದ್ದದ ಪೆಟ್ಟಿಗೆಯವರೆಗೆ ಅದೇ ಸಾಕು. ಸೀರೆಯ ಪೆಟ್ಟಿಗೆ, ನಾಲ್ಕೈದು ಪುಸ್ತಕ, ಸ್ಟೀಲ್ ಡಬ್ಬಿ, ಚನ್ನಪಟ್ಟಣದ ಗೊಂಬೆ ಎಲ್ಲ ಬಂತು. ಜೇನಿನ ಬಾಟಲಿಯಾದರೆ ನಡುವೆ ನಿಲ್ಲಿಸಿ, ಎದುರುಬದುರಿನ ಎರಡು ಮೂಲೆಗಳನ್ನು ಕತ್ತಿನ ಮೇಲೆ ಗಂಟಿಕ್ಕಿ, ಉಳಿದೆರಡನ್ನು ಮೈಸುತ್ತ ಬಳಸಿ ಮುಂದೆ ಕಟ್ಟಿ. ಟೇಪು ಬೇಡ, ಕತ್ತರಿ ಬೇಡ. ಎರಡು ಸಲ ಮಾಡಿದರೆ ಕೈಗೆ ಬರುತ್ತದೆ, ಮೂರನೆಯ ಸಲಕ್ಕೆ ಮನೆಯ ಮಗುವೇ ಕಟ್ಟುತ್ತದೆ.

ಇಲ್ಲಿ ಒಂದು ಎಚ್ಚರದ ಮಾತು ಹೇಳಲೇಬೇಕು. ಕೈಯಿಂದ ಕೈಗೆ ಸುತ್ತುವ ರವಿಕೆ ಕಣಗಳಲ್ಲಿ ಬಹಳಷ್ಟು ಹೊಲಿಸಲು ಯೋಗ್ಯವಲ್ಲದ ತೆಳು ಪಾಲಿಯೆಸ್ಟರ್. ಕೊಡಲೆಂದೇ ತಯಾರಾದದ್ದು, ತೊಡಲೆಂದಲ್ಲ. ಇರುವುದನ್ನು ಗಂಟು ಕಟ್ಟಲು ಬಳಸಿ ಮುಗಿಸೋಣ. ಹೊಸದಾಗಿ ಕೊಳ್ಳುವಾಗ ಮಾತ್ರ ತೆಗೆದುಕೊಂಡವರು ಹೊಲಿಸಿಕೊಳ್ಳುವಂಥದ್ದನ್ನು ಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ಇದೆ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆ ಚೊಗರಿನಂಥ ಬಣ್ಣಗಳಲ್ಲಿ ಅದ್ದಿ ತೆಗೆದ ಕೈಮಗ್ಗದ ಬಟ್ಟೆ ಇದೆ.

ಇನ್ನೂ ಒಂದು ಎಚ್ಚರ. ಬಟ್ಟೆ ಎಂದ ಮಾತ್ರಕ್ಕೆ ಅದು ಹಸಿರಾಗುವುದಿಲ್ಲ. ಹತ್ತಿ ಬೆಳೆಯಲು ನೀರು, ಗೊಬ್ಬರ, ಔಷಧಿ ಬೇಕು. ಬ್ರಿಟನ್ನಿನ ಪರಿಸರ ಇಲಾಖೆಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಒಂದು ಹತ್ತಿಯ ಚೀಲ ಒಂದು ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಅದನ್ನು 131 ಸಲ ಬಳಸಬೇಕು. ಹಾಗಾಗಿ ಉಡುಗೊರೆ ಸುತ್ತಲೆಂದೇ ಅಂಗಡಿಗೆ ಹೋಗಿ ಹೊಸ ಹತ್ತಿಬಟ್ಟೆ ಹರಿಸಿಕೊಂಡು ಬಂದು, ಅದು ಒಂದು ಮನೆಯಲ್ಲಿ ಮೂಲೆ ಸೇರಿದರೆ ನಷ್ಟವೇ. ಹೊದಿಕೆ ಯಾವುದರದು ಎಂಬುದಕ್ಕಿಂತ ಅದು ಎಷ್ಟು ಮನೆ ತಿರುಗುತ್ತದೆ ಎಂಬುದು ಮುಖ್ಯ. ಹಳೆಯ ಸೀರೆಯ ಸೆರಗು, ತೂತು ಬಿದ್ದ ಪಂಚೆಯ ಗಟ್ಟಿ ಭಾಗ, ಬಡಾವಣೆಯ ಟೈಲರ್ ಅಂಗಡಿಯ ತುಂಡುಬಟ್ಟೆ ಇವೆಲ್ಲ ಈಗಾಗಲೇ ನಮ್ಮ ಬಳಿ ಇರುವ ಹತ್ತಿ. ಗಂಟಿನೊಂದಿಗೆ ‘ಬಟ್ಟೆ ನೀವೂ ಮುಂದಿನವರಿಗೆ ಕಟ್ಟಿಕೊಡಿ’ ಎಂಬ ಚೀಟಿ ಇಡಿ. ರವಿಕೆ ಕಣ ತಿರುಗಿಸುವುದರಲ್ಲಿ ನಮಗೆ ತಲೆಮಾರುಗಳ ಅಭ್ಯಾಸವಿದೆ.

ಬೀರುವಿನಲ್ಲಿ ಉಳಿದ ಪೆಟ್ಟಿಗೆ

ಕಾಗದದ ಹೊದಿಕೆಯೆಲ್ಲ ಕೆಟ್ಟದ್ದೇನಲ್ಲ. ಅದಕ್ಕೆ ಸಾಕ್ಷಿ ರಾಜಾಜಿನಗರದಲ್ಲೇ ಇದೆ: ಗಂಧದ ಸಾಬೂನಿನ ಪೆಟ್ಟಿಗೆ.

ಯುರೋಪಿಗೆ ಹೋಗುತ್ತಿದ್ದ ಗಂಧದ ಮರ ಮೊದಲ ಮಹಾಯುದ್ಧದಿಂದಾಗಿ ಮೈಸೂರು ಸಂಸ್ಥಾನದಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸರ್ಕಾರ 1916ರಲ್ಲಿ ಮೈಸೂರಿನಲ್ಲಿ ಗಂಧದ ಎಣ್ಣೆ ತೆಗೆಯಲು ಆರಂಭಿಸಿತು. ಆ ಎಣ್ಣೆಯಿಂದ ಮಾಡಿದ ಸಾಬೂನಿನ ಜೋಡಿಯೊಂದನ್ನು ವಿದೇಶಿ ಅತಿಥಿಗಳು ಮಹಾರಾಜರಿಗೆ ಉಡುಗೊರೆಯಾಗಿ ಕೊಟ್ಟರು, ನಮ್ಮ ಗಂಧದ ಸಾಬೂನನ್ನು ನಾವೇ ಏಕೆ ಮಾಡಬಾರದು ಎಂಬ ಯೋಚನೆ ಅಲ್ಲಿ ಹುಟ್ಟಿತು ಎಂಬ ಕಥೆ ಪ್ರಚಲಿತವಾಗಿದೆ. 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ತಯಾರಿಕೆ ಶುರುವಾಯಿತು. ಅದರ ಹಿಂದಿದ್ದ ರಸಾಯನ ತಜ್ಞ ಎಸ್‌.ಜಿ. ಶಾಸ್ತ್ರಿ. ಜನ ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು. ಬೇರೆ ಸಾಬೂನುಗಳು ಇಟ್ಟಿಗೆಯಂತಿದ್ದ ಕಾಲದಲ್ಲಿ ಅವರು ಅದಕ್ಕೆ ಅಂಡಾಕಾರ ಕೊಟ್ಟರು. ಒಡವೆಯ ಪೆಟ್ಟಿಗೆಯನ್ನು ನೆನಪಿಸುವ, ಹೂವಿನ ಚಿತ್ತಾರದ ಪೆಟ್ಟಿಗೆ ಮಾಡಿಸಿದರು. ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂತು. ಆ ರಸ್ತೆಯಲ್ಲಿ ಓಡಾಡುವವರಿಗೆ ಗಾಳಿಯ ಪರಿಮಳವೇ ವಿಳಾಸ ಹೇಳುತ್ತದೆ.

ನಮ್ಮ ಅಜ್ಜಿ, ಅಮ್ಮಂದಿರು ಆ ಸಾಬೂನು ಮುಗಿದ ಮೇಲೂ ಪೆಟ್ಟಿಗೆ ಎಸೆಯುತ್ತಿರಲಿಲ್ಲ. ರೇಷ್ಮೆ ಸೀರೆಗಳ ಮಡಿಕೆಯ ನಡುವೆ ಇಡುತ್ತಿದ್ದರು. ತಿಂಗಳುಗಟ್ಟಲೆ ಬೀರು ಘಮ್ಮೆನ್ನುತ್ತಿತ್ತು. ಚೆಂದವಾಗಿ, ಪ್ರೀತಿಯಿಂದ, ಒಂದೇ ಪದಾರ್ಥದಲ್ಲಿ ಮಾಡಿದ ಹೊದಿಕೆಯನ್ನು ಜನ ಉಳಿಸಿಕೊಳ್ಳುತ್ತಾರೆ. ಹೊಳೆಯುವ ಬೆಳ್ಳಿ ಹಾಳೆಯನ್ನು ಯಾರೂ ಸೀರೆಯ ನಡುವೆ ಇಟ್ಟದ್ದಿಲ್ಲ.

ಕ್ಯಾಲೆಂಡರಿನ ಹಾಳೆ, ಬಾಳೆಯ ನಾರು

ಡಿಸೆಂಬರ್ 31 ಬಂದರೆ ಪ್ರತಿ ಮನೆಯ ಗೋಡೆಯಿಂದ ಒಂದು ಕ್ಯಾಲೆಂಡರ್ ಇಳಿಯುತ್ತದೆ. 1916ರಲ್ಲಿ ಶುರುವಾದ ಮೈಸೂರು ರಸ್ತೆಯ ಬೆಂಗಳೂರು ಪ್ರೆಸ್ಸಿನ ದಪ್ಪ ಅಂಕಿಗಳ ಕ್ಯಾಲೆಂಡರಾಗಲಿ, ಕಿರಾಣಿ ಅಂಗಡಿಯವರು ಕೊಟ್ಟ ದೇವರ ಚಿತ್ರದ್ದಾಗಲಿ, ಉಡುಗೊರೆ ಹೆಚ್ಚು ಬೇಕಾದ ವಾರದಲ್ಲೇ ಗಟ್ಟಿಯಾದ ಹಾಳೆಗಳು ಪುಕ್ಕಟೆ ಬಿಡುಗಡೆಯಾಗುತ್ತವೆ. ಪಡೆಯುವವರ ಹುಟ್ಟಿದ ತಿಂಗಳ ಹಾಳೆಯಲ್ಲಿ ಅವರ ಉಡುಗೊರೆ ಸುತ್ತಿ, ತಾರೀಕಿಗೊಂದು ಕುಂಕುಮದ ಬೊಟ್ಟಿಟ್ಟರೆ ಅಂಗಡಿಯ ಯಾವ ಹಾಳೆಯೂ ಅದಕ್ಕೆ ಸಮನಲ್ಲ. ಹಳೆಯ ಮದುವೆ ಪತ್ರಿಕೆಗಳ ಚಿತ್ತಾರ ಕತ್ತರಿಸಿ ಹೆಸರಿನ ಚೀಟಿ ಮಾಡಬಹುದು.

ಟೇಪಿಲ್ಲದೆ ಹೇಗೆ ನಿಲ್ಲುತ್ತದೆ ಎನ್ನುವವರು ತಮ್ಮ ಶಾಲೆಯ ದಿನ ನೆನೆಯಲಿ. ಜೂನ್ ತಿಂಗಳಲ್ಲಿ ಕಂದು ಕಾಗದ ಹಾಸಿ, ಪಠ್ಯಪುಸ್ತಕಕ್ಕೆ ಬೈಂಡ್ ಹಾಕಿದ್ದು ಮಡಿಕೆಯ ಬಲದಿಂದಲೇ. ಅಂಟು ಬೇಕೇ ಬೇಕೆಂದರೆ ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿದ ಗಂಜಿ ಇದೆ. ಕಟ್ಟಲು ಹತ್ತಿ ದಾರ, ಸೆಣಬು, ಇಲ್ಲವೇ ಹೂವಿನವರ ಬಳಿ ಸಿಗುವ ಬಾಳೆ ನಾರು. ನಾರನ್ನು ಸ್ವಲ್ಪ ನೆನೆಸಿ ಕಟ್ಟಿದರೆ ಮುರಿಯುವುದಿಲ್ಲ. ರಿಬ್ಬನ್ನಿನ ಹೂವಿನ ಜಾಗಕ್ಕೆ ಒಂದು ಮರುಗದ ಕುಡಿ ಸಿಕ್ಕಿಸಿ. ಬಿಚ್ಚುವ ಮೊದಲೇ ಪರಿಮಳ ಕೈಸೇರುತ್ತದೆ.

ಮುದ್ರಿತ ಕಾಗದದಲ್ಲಿ ತಿನ್ನುವ ಪದಾರ್ಥ ಮಾತ್ರ ಕಟ್ಟಬೇಡಿ. ಮುದ್ರಣದ ಶಾಯಿ ಆಹಾರಕ್ಕೆ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ದಿನಪತ್ರಿಕೆಯಲ್ಲಿ ತಿಂಡಿ ಕಟ್ಟುವುದನ್ನು ನಿಷೇಧಿಸಿವೆ. ತಿಂಡಿಗೆ ಬಾಳೆ ಎಲೆ, ಅಡಿಕೆ ಹಾಳೆ, ಡಬ್ಬಿ ಇವೆ.

ಎಳ್ಳು ಬೀರುವ ಮೊದಲು

ಧನುರ್ಮಾಸ ಮುಗಿಯುತ್ತಿದ್ದಂತೆ ಸಂಕ್ರಾಂತಿ. ಬಸವೇಶ್ವರನಗರದ, ಕೆಂಗೇರಿ ಉಪನಗರದ ಬೀದಿಗಳಲ್ಲಿ ಲಂಗ ತೊಟ್ಟ ಹೆಣ್ಣುಮಕ್ಕಳು ತಟ್ಟೆ ಹಿಡಿದು ಎಳ್ಳು ಬೀರಲು ಹೊರಡುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಜೊತೆಗೆ ಸಕ್ಕರೆ ಅಚ್ಚು, ಕಬ್ಬು, ಬಾಳೆಹಣ್ಣು. ಹಿಂದೆ ಒಂದು ದೊಡ್ಡ ಡಬ್ಬಿ, ಒಂದು ಚಮಚ ಹೋಗುತ್ತಿತ್ತು. ಮನೆಯಾಕೆ ಬಟ್ಟಲು ತರುತ್ತಿದ್ದಳು, ಮಗು ಅಳೆದು ಸುರಿಯುತ್ತಿತ್ತು. ಈಗ ಮನೆಗೊಂದು ಪ್ಲಾಸ್ಟಿಕ್ ಜಿಪ್ ಚೀಲ. ಮೂವತ್ತು ಮನೆಗೆ ಬೀರಿದರೆ ಮೂವತ್ತು ಚೀಲ, ಆ ಮೂವತ್ತು ಮನೆಯಿಂದ ಮರಳಿ ಬರುವ ಮೂವತ್ತು ಬೇರೆ.

ನೆರೆಮನೆಯ ಪಾತ್ರೆಯನ್ನು ಖಾಲಿ ಮರಳಿಸಬಾರದೆಂಬ ರೂಢಿ ನಮ್ಮಲ್ಲಿತ್ತು. ಬೇರೇನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಿದ್ದರು. ಪಾತ್ರೆ ತಿರುಗುತ್ತಲೇ ಇರಬೇಕೆಂಬ ಏರ್ಪಾಡು ಅದು.

ಈ ಸಂಕ್ರಾಂತಿಗೆ ಜಿಪ್ ಚೀಲದ ಕಟ್ಟು ಕೊಳ್ಳಬೇಡಿ. ಮಗುವಿನ ಕೈಗೆ ಒಂದು ಡಬ್ಬಿ, ಒಂದು ಚಮಚ ಕೊಟ್ಟು ಕಳಿಸಿ. ನಿಮ್ಮ ಬಾಗಿಲಿಗೆ ಬೇರೆ ಮನೆಯ ಮಗು ಬಂದಾಗ ಒಳಗಿನಿಂದ ಒಂದು ಬಟ್ಟಲು ತನ್ನಿ.